ಸ್ಪ್ಯಾನರ್ ಹಿಡಿದ ಏಮಿ

ಏಮಿ ಜಾನ್ಸನ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ 1930ರ ಮೇ 5ರಿಂದ ಶುರು ಮಾಡುತ್ತಾರೆ. ಲಂಡನ್ ಪಕ್ಕದ ಕ್ರಾಯ್ಡನ್ ವಿಮಾನ ನಿಲ್ದಾಣ, ಬೆಳಗಿನ ಹೊತ್ತು. ಇಪ್ಪತ್ತಾರು ವರ್ಷದ ಹುಡುಗಿ ಒಂಟಿ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಒಬ್ಬಳೇ ಆಸ್ಟ್ರೇಲಿಯಾಕ್ಕೆ ಹೊರಟಳು. ನನಗೆ ಮಾತ್ರ ಆಕೆಯ ಕಥೆ ಅದಕ್ಕೂ ಐದು ತಿಂಗಳು ಮೊದಲು, 1929ರ ಡಿಸೆಂಬರ್‌ನಲ್ಲಿ ಶುರುವಾಗುತ್ತದೆ. ಆ ತಿಂಗಳು ಬ್ರಿಟನ್ನಿನ ವಾಯು ಸಚಿವಾಲಯ ಆಕೆಗೆ ಗ್ರೌಂಡ್ ಇಂಜಿನಿಯರ್ ಲೈಸೆನ್ಸ್ ಕೊಟ್ಟಿತು. ಆ ದೇಶದಲ್ಲಿ ಆ ಲೈಸೆನ್ಸ್ ಪಡೆದ ಮೊದಲ ಹೆಂಗಸು ಆಕೆ.

ಇದಕ್ಕೆ ನಾನು ಇಷ್ಟು ತೂಕ ಕೊಡುವುದಕ್ಕೆ ಕಾರಣವಿದೆ. ನನ್ನದೂ ಅದೇ ಕಸುಬು. ಏರ್‌ಕ್ರಾಫ್ಟ್ ಮೇಂಟೆನೆನ್ಸ್ ಇಂಜಿನಿಯರ್ ಆಗಿ ಕೆಲಸ ಮಾಡಿ ನಿವೃತ್ತನಾದವನು. ಲೈಸೆನ್ಸ್ ಅಂದರೆ ಗೋಡೆಗೆ ತೂಗುಹಾಕುವ ಪದವಿ ಪತ್ರವಲ್ಲ. ಎಂಜಿನ್ ನೋಡಿದ್ದೇನೆ, ಸರಿಯಿದೆ, ಈ ವಿಮಾನ ಹಾರಬಹುದು ಎಂದು ಲಾಗ್‌ಬುಕ್ಕಿನಲ್ಲಿ ಸಹಿ ಹಾಕುವ ಹಕ್ಕು ಅದು. ಆ ಸಹಿಯ ಮೇಲೆ ಇನ್ನೊಬ್ಬರ ಜೀವ ನಿಂತಿರುತ್ತದೆ. ಏಮಿಯ ವಿಷಯದಲ್ಲಿ ಆ ಸಹಿಯ ಮೇಲೆ ಆಕೆಯದೇ ಜೀವ ನಿಂತಿತ್ತು.

ಆಕೆಯ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದದ್ದು ಪುಸ್ತಕದಿಂದ ಅಲ್ಲ. ಎಪ್ಪತ್ತರ ದಶಕದಲ್ಲಿ ಜಕ್ಕೂರಿನ ಹ್ಯಾಂಗರಿನಲ್ಲಿ ನಾನು ಕೆಲಸ ಕಲಿಯುತ್ತಿದ್ದಾಗ ಅಲ್ಲಿದ್ದದ್ದು ಪುಷ್ಪಕ್ ವಿಮಾನಗಳು. ಬೆಂಗಳೂರಿನಲ್ಲೇ ತಯಾರಾದ, ಬಟ್ಟೆ ಹೊದಿಸಿದ ಎರಡು ಸೀಟಿನ ವಿಮಾನ. ರೆಕ್ಕೆಯ ಬಟ್ಟೆ ಹಳತಾದರೆ ಪೂರ್ತಿ ಬಿಚ್ಚಿ, ಹೊಸದನ್ನು ಹೊದಿಸಿ, ಮೇಣ ಸವರಿದ ದಾರದಿಂದ ಒಂದೊಂದು ರಿಬ್ಬಿಗೂ ಹೊಲಿಯಬೇಕು. ಉದ್ದನೆಯ ಸೂಜಿಯನ್ನು ಮೇಲಿನಿಂದ ಒಬ್ಬ ತಳ್ಳಿದರೆ ಕೆಳಗಿನಿಂದ ಇನ್ನೊಬ್ಬ ಎಳೆದು ವಾಪಸ್ ಕಳಿಸಬೇಕು. ಹೊಲಿಗೆ ಮುಗಿದ ಮೇಲೆ ಡೋಪ್ ಎಂಬ ವಾರ್ನಿಷ್ ಬಳಿಯುವುದು. ಬ್ರಷ್ ಇಟ್ಟ ಕೂಡಲೇ ಹ್ಯಾಂಗರ್ ತುಂಬ ಘಾಟು. ಡೋಪ್ ಒಣಗುತ್ತಾ ಬಂದ ಹಾಗೆ ಸಡಿಲವಾಗಿ ಜೋತಿದ್ದ ಬಟ್ಟೆ, ಬೆಂಕಿಗೆ ಕಾಯಿಸಿದ ತಮಟೆಯ ಹಾಗೆ ಬಿಗಿಯುತ್ತದೆ. ಬೆರಳಿನಿಂದ ತಟ್ಟಿ ನಾದ ಕೇಳಿಯೇ ನಮ್ಮ ಮೇಸ್ತ್ರಿ ಒಪ್ಪುತ್ತಿದ್ದದ್ದು.

ಆ ಮೇಸ್ತ್ರಿ ಒಂದು ಮಧ್ಯಾಹ್ನ ನನ್ನ ಗಂಟು ನೋಡಿ ಗದರಿದರು. "ಲೇ, ಗಟ್ಟಿಯಾಗಿ ಹಾಕ್ಲಾ. ಮೇಲೆ ಹೋದ್ಮೇಲೆ ಬಿಚ್ಕೊಂಡ್ರೆ ಯಾರ್ ಬಂದು ಹೊಲೀತಾರೆ? ಬರ್ಮಾದಲ್ಲಿ ಒಬ್ಳು ಇಂಗ್ಲಿಷ್ ಹೆಂಗ್ಸು ರೆಕ್ಕೆಗೆ ಅಂಗಿ ಬಟ್ಟೆ ತೇಪೆ ಹಾಕಿಸ್ಕೊಂಡು ಆಸ್ಟ್ರೇಲಿಯಾ ಸೇರಿದ್ಲು. ಆ ತೇಪೆ ಗಟ್ಟಿಯಿತ್ತು, ಅದಕ್ಕೆ ಸೇರಿದ್ಲು."

ಅಂಗಿ ಬಟ್ಟೆಯ ತೇಪೆ ಎಂಬ ಆ ಮಾತು ತಲೆಯಲ್ಲಿ ಉಳಿಯಿತು. ಕೆಲಸ, ಮಕ್ಕಳು, ಸಂಸಾರ ಎಂದು ವರ್ಷಗಳು ಕಳೆದವು. ನಿವೃತ್ತಿಯ ನಂತರ ಮಗಳು ಇಂಗ್ಲೆಂಡಿಗೆ ಕರೆಸಿಕೊಂಡಾಗ, ನೋಡಬೇಕಾದ ಊರುಗಳ ಪಟ್ಟಿಯಲ್ಲಿ ನಾನು ಮೊದಲು ಬರೆದದ್ದು ಹಲ್.

ಹಲ್ ಇಂಗ್ಲೆಂಡಿನ ಪೂರ್ವ ಕರಾವಳಿಯ ಬಂದರು, ಆ ಕಾಲಕ್ಕೆ ಮೀನುಗಾರರ ಊರು. ಏಮಿ ಹುಟ್ಟಿದ್ದು ಅಲ್ಲಿ, 1903ರ ಜುಲೈ 1ರಂದು. ಅಪ್ಪ ಮೀನಿನ ಸಗಟು ವ್ಯಾಪಾರಿ. ನಾಲ್ಕು ಹೆಣ್ಣುಮಕ್ಕಳಲ್ಲಿ ಈಕೆ ಹಿರಿಯಳು. ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿ ಬಿ.ಎ. ಮುಗಿಸಿದಳು. ಆಮೇಲೆ ಲಂಡನ್ನಿನ ಒಬ್ಬ ವಕೀಲರ ಕಚೇರಿಯಲ್ಲಿ ಕಾರ್ಯದರ್ಶಿಯ ಕೆಲಸ. ಇದರ ನಡುವೆ ಹಾನ್ಸ್ ಆರೆಗ್ಗರ್ ಎಂಬ ಸ್ವಿಸ್ ವ್ಯಾಪಾರಿಯ ಮೇಲೆ ವರ್ಷಗಟ್ಟಲೆ ಪ್ರೀತಿ. ಆತ 1928ರಲ್ಲಿ ಬೇರೊಬ್ಬಳನ್ನು ಮದುವೆಯಾದ. ಆತನಿಗೆ ಆಕೆ ಬರೆದ ನೂರಾರು ಪತ್ರಗಳು ಈಗ ಹಲ್ ನಗರದ ಸಂಗ್ರಹದಲ್ಲಿವೆ.

ಆ ಪತ್ರಗಳ ಬಗ್ಗೆ ಒಂದು ಮಾತು. ಆಕೆಯ ಜೀವನ ಬರೆದವರಿಗೆ ಅವು ದೊಡ್ಡ ನಿಧಿ. ಅವುಗಳ ಆಧಾರದ ಮೇಲೆ, ಪ್ರೀತಿ ಮುರಿದದ್ದಕ್ಕೇ ಆಕೆ ಆಕಾಶಕ್ಕೆ ಹಾರಿದಳು ಎಂದು ಹೇಳುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಗಂಡಸೊಬ್ಬ ವಿಮಾನ ಹತ್ತಿದರೆ ಅವನಿಗೆ ವಿಮಾನದ ಹುಚ್ಚು ಎನ್ನುತ್ತೇವೆ. ಹೆಂಗಸು ಹತ್ತಿದರೆ ಹಿಂದೆ ಯಾರೋ ಕೈಬಿಟ್ಟಿರಬೇಕು ಎಂದು ಹುಡುಕುತ್ತೇವೆ. ದುಃಖ ಮರೆಯುವುದಕ್ಕೆ ಒಂದೆರಡು ಸಲ ಹಾರಿದರೆ ಸಾಕು. ಚಳಿಗಾಲದ ಬೆಳಿಗ್ಗೆ ಕಚೇರಿಗೆ ಹೋಗುವ ಮೊದಲು ಹ್ಯಾಂಗರಿಗೆ ಬಂದು, ಸಂಜೆ ಕಚೇರಿ ಬಿಟ್ಟ ಮೇಲೆ ಮತ್ತೆ ಬಂದು, ಎಣ್ಣೆ ಮೆತ್ತಿದ ಕೈಯಲ್ಲಿ ವಾಲ್ವ್ ಉಜ್ಜುತ್ತಾ ಕೂರುವುದಕ್ಕೆ ದುಃಖ ಸಾಲುವುದಿಲ್ಲ, ಆ ಕೆಲಸದ ಮೇಲೆಯೇ ಆಸೆ ಬೇಕು. ಪತ್ರಗಳ ಕಟ್ಟಿನಲ್ಲಿ ನಾನು ವಿಮಾನದ ಸುದ್ದಿ ಬರುವ ಕಡೆ ಮಾತ್ರ ಓದಿದೆ. ಉಳಿದದ್ದು ಅವರಿಬ್ಬರ ಮಾತು.

ಹ್ಯಾಂಗರ್ ಇದ್ದದ್ದು ಲಂಡನ್ನಿನ ಸ್ಟ್ಯಾಗ್ ಲೇನ್‌ನಲ್ಲಿ. ಡಿ ಹ್ಯಾವಿಲ್ಯಾಂಡ್ ಕಂಪನಿಯ ಕಾರ್ಖಾನೆಯೂ ಅಲ್ಲೇ, ಲಂಡನ್ ಏರೋಪ್ಲೇನ್ ಕ್ಲಬ್ಬೂ ಅಲ್ಲೇ. ಆಕೆ 1928ರಲ್ಲಿ ಅಲ್ಲಿ ಹಾರಲು ಕಲಿಯತೊಡಗಿದಳು. ಹುಟ್ಟು ಪ್ರತಿಭೆಯ ಪೈಲಟ್ ಅಲ್ಲ; ಒಂಟಿಯಾಗಿ ಹಾರಲು ಬಿಡುವುದಕ್ಕೆ ಆಕೆಗೆ ಹದಿನೈದು ಗಂಟೆಗಿಂತ ಹೆಚ್ಚು ಪಾಠ ಬೇಕಾಯಿತು. ಆಕೆಯ ನಿಜವಾದ ಗುರು ಕ್ಲಬ್ಬಿನ ಹ್ಯಾಂಗರ್ ಮುಖ್ಯಸ್ಥ ಜಾಕ್ ಹಂಫ್ರೀಸ್ ಎಂದೇ ನನ್ನ ನಂಬಿಕೆ. ಹ್ಯಾಂಗರ್ ಹೆಂಗಸರ ಜಾಗವಲ್ಲ ಎಂದು ಎಲ್ಲರೂ ತಿಳಿದಿದ್ದ ಕಾಲದಲ್ಲಿ ಆತ ಸ್ಪ್ಯಾನರ್ ಕೊಟ್ಟು ಕೆಲಸ ಹೇಳಿದ. ಅಲ್ಲಿಯ ಹುಡುಗರು ಆಕೆಯನ್ನು 'ಜಾನಿ' ಎಂದು ಕರೆದರು.

ಆಮೇಲೆ ಆಸ್ಟ್ರೇಲಿಯಾದ ಯೋಚನೆ. ಬರ್ಟ್ ಹಿಂಕ್ಲರ್ ಎಂಬ ಆಸ್ಟ್ರೇಲಿಯಾದ ಪೈಲಟ್ 1928ರಲ್ಲಿ ಇಂಗ್ಲೆಂಡಿನಿಂದ ಡಾರ್ವಿನ್‌ಗೆ ಒಬ್ಬನೇ ಹದಿನೈದೂವರೆ ದಿನದಲ್ಲಿ ಹಾರಿದ್ದ. ಅದನ್ನು ಮುರಿಯಬೇಕೆಂದು ಏಮಿಯ ಆಸೆ. ಅಲ್ಲಿಯವರೆಗೆ ಆಕೆಯ ಅತಿ ದೂರದ ಹಾರಾಟ ಲಂಡನ್‌ನಿಂದ ಹಲ್‌ಗೆ! ವಿಮಾನಕ್ಕೆ ದುಡ್ಡು ಬೇಕು. ಅಪ್ಪ ಅರ್ಧ ಕೊಟ್ಟರು. ಕ್ಯಾಸ್ಟ್ರಾಲ್ ಎಣ್ಣೆಯ ಒಡೆಯ ಲಾರ್ಡ್ ವೇಕ್‌ಫೀಲ್ಡ್ ಇನ್ನರ್ಧ. 600 ಪೌಂಡಿಗೆ ಸೆಕೆಂಡ್ ಹ್ಯಾಂಡ್ ಜಿಪ್ಸಿ ಮಾತ್ ಬಂತು. ಹಸಿರು ಬಣ್ಣ ಬಳಿದು, ಅಪ್ಪನ ಮೀನಿನ ವ್ಯಾಪಾರದ ಮುದ್ರೆಯ ಹೆಸರನ್ನೇ ಇಟ್ಟಳು: ಜೇಸನ್.

ಆ ಜೇಸನ್ ಇವತ್ತು ಲಂಡನ್ನಿನ ಸೈನ್ಸ್ ಮ್ಯೂಸಿಯಮ್ಮಿನಲ್ಲಿ ಸೂರಿನಿಂದ ತೂಗಿದೆ. ಸುತ್ತ ದೊಡ್ಡ ದೊಡ್ಡ ವಿಮಾನಗಳು, ಅಟ್ಲಾಂಟಿಕ್ ದಾಟಿದ ವಿಕರ್ಸ್ ವಿಮಿ ಕೂಡ. ಅವುಗಳ ನಡುವೆ ಜೇಸನ್ ತೀರಾ ಚಿಕ್ಕದು. ಮರದ ಅಸ್ಥಿಪಂಜರ, ಪ್ಲೈವುಡ್ ಮೈ, ಬಟ್ಟೆಯ ರೆಕ್ಕೆ. ನೂರು ಕುದುರೆ ಶಕ್ತಿಯ ನಾಲ್ಕು ಸಿಲಿಂಡರಿನ ಜಿಪ್ಸಿ ಎಂಜಿನ್, ಗಾಳಿಯಿಂದಲೇ ತಂಪಾಗುವಂಥದು. ರೇಡಿಯೋ ಇಲ್ಲ. ಕಾಕ್‌ಪಿಟ್ಟಿಗೆ ಮುಚ್ಚಿಗೆಯಿಲ್ಲ. ಮುಂದಿನ ಸೀಟಿದ್ದ ಜಾಗದಲ್ಲಿ ಹೆಚ್ಚುವರಿ ಪೆಟ್ರೋಲ್ ಟ್ಯಾಂಕ್. ಅದರಿಂದ ಮೇಲಿನ ಟ್ಯಾಂಕಿಗೆ ಕೈಯಲ್ಲೇ ಪಂಪು ಹೊಡೆಯಬೇಕು. ವಾಸನೆ ಮುಖಕ್ಕೇ. ವಿಮಾನದ ಮೈಯ ಪಕ್ಕಕ್ಕೆ ಒಂದು ಹೆಚ್ಚುವರಿ ಪ್ರೊಪೆಲ್ಲರ್ ಕಟ್ಟಿಕೊಂಡು ಹೊರಟಿದ್ದಳು. ಆ ಕಟ್ಟು ನನಗೆ ಬಹಳ ಹಿಡಿಸಿತು. ಏನು ಮುರಿಯಬಹುದು ಎಂದು ಮೊದಲೇ ಎಣಿಸುವುದು ಹ್ಯಾಂಗರಿನ ಬುದ್ಧಿ.

ನಾನು ಕೆಳಗಿನಿಂದ ಒಂದೇ ಕಡೆ ಕ್ಯಾಮೆರಾ ಹಿಡಿದದ್ದನ್ನು ನೋಡಿ ಮಗಳು ಕೇಳಿದಳು, "ಅಪ್ಪಾ, ಎಲ್ಲಾರೂ ವಿಮಾನದ ಫೋಟೋ ತೆಗೀತಿದ್ದಾರೆ. ನೀವು ಚಕ್ರದ್ದು ತೆಗೀತಿದ್ದೀರಲ್ಲ?"

"ಚಕ್ರ ಅಲ್ಲಮ್ಮ, ಅದರ ಮೇಲಿನ ಸ್ಟ್ರಟ್. ಬಾಗ್ದಾದಲ್ಲಿ ಅವಳಿಗೆ ಮುರಿದದ್ದು ಅದೇ."

ಬಾಗ್ದಾದಿಗೆ ಮುಂಚೆ ವಿಯೆನ್ನಾ, ಕಾನ್‌ಸ್ಟಾಂಟಿನೋಪಲ್, ಅಲೆಪ್ಪೊ. ಅಲೆಪ್ಪೊ ಬಿಟ್ಟ ಮೇಲೆ ಮರಳುಗಾಡಿನ ಬಿರುಗಾಳಿ ಎದ್ದು ವಿಮಾನ ಇಳಿಸಲೇಬೇಕಾಯಿತು. ಇಳಿದವಳು ಮೊದಲು ಮಾಡಿದ ಕೆಲಸಗಳು: ಗಾಳಿಗೆ ವಿಮಾನ ಉರುಳಿ ಹೋಗದ ಹಾಗೆ ಸಾಮಾನನ್ನು ಚಕ್ರಕ್ಕೆ ಅಡ್ಡ ಇಡುವುದು, ಎಂಜಿನ್ನಿಗೆ ಹೊದಿಕೆ ಹಾಕುವುದು. ಆಮೇಲೆ ರಿವಾಲ್ವರ್ ಹಿಡಿದು ವಿಮಾನದ ಪಕ್ಕ ಕೂತಳು. ಪತ್ರಿಕೆಗಳು ಬರೆದದ್ದು ರಿವಾಲ್ವರಿನ ಬಗ್ಗೆ. ನಾನು ನೋಡುವುದು ಆ ಹೊದಿಕೆಯನ್ನು. ಕಾರ್ಬ್ಯುರೇಟರಿಗೆ ಮರಳು ಹೊಕ್ಕಿದ್ದರೆ ಅಲ್ಲಿಗೇ ಎಲ್ಲ ಮುಗಿಯುತ್ತಿತ್ತು. ಎಂಟು ಹತ್ತು ಗಂಟೆ ಹಾರಿ ಇಳಿದ ಮೇಲೆ ಪ್ರತಿ ಸಂಜೆ ಆಕೆಗೆ ಇನ್ನೊಂದು ಪಾಳಿ ಕಾದಿರುತ್ತಿತ್ತು: ಪ್ಲಗ್ ತೆಗೆದು ಒರೆಸುವುದು, ಟ್ಯಾಪೆಟ್ ಗ್ಯಾಪ್ ನೋಡುವುದು, ಎಣ್ಣೆಯ ಫಿಲ್ಟರ್ ತೊಳೆಯುವುದು. ಮಲಗಲು ಮೂರು ನಾಲ್ಕು ಗಂಟೆ ಸಿಕ್ಕರೆ ದೊಡ್ಡದು.

ಮೇ 10ರಂದು ಕರಾಚಿ. ಇಂಗ್ಲೆಂಡಿನಿಂದ ಆರು ದಿನ. ಹಿಂಕ್ಲರಿಗಿಂತ ಎರಡು ದಿನ ಮುಂದೆ. ಹೊರಡುವಾಗ ಗಮನಿಸದ ಪ್ರಪಂಚ ಈಗ ತಿರುಗಿ ನೋಡಿತು.

ಆ ವಾರದ ಭಾರತದ ಪತ್ರಿಕೆಗಳ ಹಳೇ ಸಂಪುಟಗಳನ್ನು ನಾನು ಬೆಂಗಳೂರಿಗೆ ವಾಪಸಾದ ಮೇಲೆ ಹುಡುಕಿ ಓದಿದೆ. ಏಮಿ ಕ್ರಾಯ್ಡನ್ ಬಿಟ್ಟ ಮೇ 5ರ ನಸುಕಿನಲ್ಲೇ ಗಾಂಧೀಜಿಯನ್ನು ಕರಾಡಿಯಲ್ಲಿ ಬಂಧಿಸಿದ್ದರು. ಉಪ್ಪಿನ ಸತ್ಯಾಗ್ರಹದ ಕಾವು, ಹರತಾಳಗಳು, ಸೊಲ್ಲಾಪುರದ ಗೋಲಿಬಾರು. ಇಂಥ ಸುದ್ದಿಗಳ ನಡುವೆ ಇಂಗ್ಲಿಷ್ ಹುಡುಗಿಯೊಬ್ಬಳ ವಿಮಾನಕ್ಕೆ ನಮ್ಮ ಜನ ಎಷ್ಟು ಮನಸ್ಸು ಕೊಟ್ಟಿದ್ದಾರು? ನಮ್ಮವರದೂ ಒಂದು ಪಂದ್ಯ ಅದೇ ಮೇ ತಿಂಗಳು ನಡೆದಿತ್ತು. ಇಂಗ್ಲೆಂಡು-ಭಾರತದ ನಡುವೆ ಒಂಟಿಯಾಗಿ ಹಾರುವ ಮೊದಲ ಭಾರತೀಯನಿಗೆ ಆಗಾ ಖಾನ್ 500 ಪೌಂಡ್ ಬಹುಮಾನ ಇಟ್ಟಿದ್ದರು. ಜೆ.ಆರ್.ಡಿ. ಟಾಟಾ ಕರಾಚಿಯಿಂದ ಹೊರಟಿದ್ದರು, ಹದಿಹರೆಯದ ಆಸ್ಪಿ ಇಂಜಿನಿಯರ್ ಎದುರು ದಿಕ್ಕಿನಿಂದ ಬರುತ್ತಿದ್ದ. ಈಜಿಪ್ಟಿನ ಅಬೂಕಿರ್‌ನಲ್ಲಿ ಆಸ್ಪಿ ಸ್ಪಾರ್ಕ್ ಪ್ಲಗ್ ಇಲ್ಲದೆ ಸಿಕ್ಕಿಬಿದ್ದಿದ್ದಾಗ, ಎದುರಾಳಿ ಟಾಟಾ ತಮ್ಮಲ್ಲಿದ್ದ ಪ್ಲಗ್‌ಗಳನ್ನು ಕೊಟ್ಟರು. ಆಸ್ಪಿ ಗೆದ್ದ. ಮುಂದೆ ಭಾರತೀಯ ವಾಯುಪಡೆಯ ಮುಖ್ಯಸ್ಥನೂ ಆದ. ಒಂದು ಪ್ಲಗ್ಗಿನ ಬೆಲೆ ಬಲ್ಲವರಿಗೆ ಟಾಟಾ ಅವರ ಆ ಕೈ ಎಂಥದ್ದೆಂದು ಗೊತ್ತಾಗುತ್ತದೆ.

ಕರಾಚಿಯಿಂದ ಅಲಹಾಬಾದಿಗೆ ಹೊರಟ ಏಮಿಗೆ ಎದುರುಗಾಳಿಯಲ್ಲಿ ಪೆಟ್ರೋಲ್ ಸಾಲಲಿಲ್ಲ. ಝಾನ್ಸಿಯ ಸೈನಿಕರ ಪರೇಡ್ ಮೈದಾನದಲ್ಲಿ ಇಳಿಸಿದಳು. ಸೈನಿಕರು ದಿಕ್ಕಾಪಾಲಾಗಿ ಓಡಿದರು, ವಿಮಾನ ಕಂಬಕ್ಕೆ ತಾಗಿ ಬ್ಯಾರಕ್ಕುಗಳ ನಡುವೆ ನುಗ್ಗಿ ನಿಂತಿತು, ರೆಕ್ಕೆ ಮುರಿಯಿತು. ಅದನ್ನು ರಾತ್ರೋರಾತ್ರಿ ಸರಿಮಾಡಿದ್ದು ಅಲ್ಲಿಯ ಬಡಗಿ. ಮರದ ರೆಕ್ಕೆಯ ಒಳಗೆ ಕೈ ಹಾಕಿದವನಿಗೆ ಗೊತ್ತು, ರಿಬ್ ಅಂದರೆ ಬೆರಳಿಗಿಂತ ತೆಳ್ಳಗಿನ ಪಟ್ಟಿಗಳನ್ನು ಜೋಡಿಸಿದ ಚೌಕಟ್ಟು. ಅದರ ಬಾಗು ಒಂದು ನೂಲು ತಪ್ಪಿದರೂ ಗಾಳಿ ಸರಿಯಾಗಿ ಕೂರುವುದಿಲ್ಲ. ಅದನ್ನು ಲಾಂದ್ರದ ಬೆಳಕಿನ ಕಾಲದಲ್ಲಿ ಬೆಳಗಾಗುವುದರೊಳಗೆ ಸರಿಮಾಡಿ, ವಿಮಾನ ಅಲಹಾಬಾದ್ ಮುಟ್ಟಿ, ಅಲ್ಲಿಂದ ಕಲ್ಕತ್ತಾ ಸೇರುವ ಹಾಗೆ ಮಾಡಿದ. ನಾನು ಓದಿದ ಯಾವ ವರದಿಯಲ್ಲೂ ಆ ಬಡಗಿಯ ಹೆಸರಿಲ್ಲ. ಮೈದಾನದಲ್ಲಿ ಎದುರುಗೊಂಡ ಅಧಿಕಾರಿಗಳು ಬರುತ್ತಾರೆ, ಊಟ ಬರುತ್ತದೆ, ಹಾಸಿಗೆ ಬರುತ್ತದೆ. ನನಗೆ ಇದು ಸಿಟ್ಟು ತರಿಸುತ್ತದೆ.

ಮೇ 13ರಂದು ಕಲ್ಕತ್ತಾದಿಂದ ರಂಗೂನ್. ಮಳೆಗಾಲದ ಮುಂಚೂಣಿ ಮೋಡ. ರಂಗೂನಿನ ರೇಸ್‌ಕೋರ್ಸಿನಲ್ಲಿ ಇಳಿಯಬೇಕಿತ್ತು. ಮಬ್ಬಿನಲ್ಲಿ ಆಕೆಗೆ ಕಂಡದ್ದು ಪಕ್ಕದ ಇನ್ಸೇನ್ ಊರಿನ ಸರ್ಕಾರಿ ತಾಂತ್ರಿಕ ಸಂಸ್ಥೆಯ ಆಟದ ಮೈದಾನ. ಇಳಿಸಿದಳು, ವಿಮಾನ ನಿಲ್ಲದೆ ಮುಂದೆ ಹೋಗಿ ಹಳ್ಳಕ್ಕೆ ಬಿತ್ತು. ಪ್ರೊಪೆಲ್ಲರ್ ಹೋಯಿತು, ಅಂಡರ್‌ಕ್ಯಾರೇಜ್ ಹೋಯಿತು, ರೆಕ್ಕೆ ಹರಿಯಿತು. ಆಕೆ ಅತ್ತಳಂತೆ. ದಾಖಲೆಯ ಆಸೆ ಆ ಹಳ್ಳದಲ್ಲೇ ಮುಗಿಯಿತು.

ಆದರೆ ಬಿದ್ದ ಜಾಗ ನೋಡಿ: ತಾಂತ್ರಿಕ ಶಾಲೆ! ಲೇತ್ ಇದೆ, ಮರಗೆಲಸದ ವರ್ಕ್‌ಶಾಪ್ ಇದೆ, ಮೇಷ್ಟ್ರುಗಳಿದ್ದಾರೆ, ಕೈ ಪಳಗುತ್ತಿರುವ ಹುಡುಗರಿದ್ದಾರೆ. ಪ್ರೊಪೆಲ್ಲರ್ ಹೇಗೂ ಮೈಗೆ ಕಟ್ಟಿಕೊಂಡು ತಂದದ್ದಿತ್ತು. ಮುರಿದ ರಿಬ್ಬುಗಳನ್ನು, ಲೋಹದ ಭಾಗಗಳನ್ನು ಅಲ್ಲೇ ಮಾಡಿದರು. ಬಟ್ಟೆಯದೇ ಕಷ್ಟ. ವಿಮಾನಕ್ಕೆ ಒತ್ತಾಗಿ ನೆಯ್ದ ಲಿನನ್ ಬೇಕು. ಅಂಗಡಿಯ ಯಾವುದೋ ಹತ್ತಿ ಬಟ್ಟೆ ಹಾಕಿದರೆ ಡೋಪ್ ಬಿಗಿಯುವಾಗ ಒಂದು ಕಡೆ ಎಳೆದು ಇನ್ನೊಂದು ಕಡೆ ಸಡಿಲ ಬಿಡುತ್ತದೆ, ಇಲ್ಲವೇ ಹೊಲಿಗೆಯ ಸಾಲಿನಲ್ಲೇ ಸೀಳುತ್ತದೆ. ಮೊದಲ ಮಹಾಯುದ್ಧ ಮುಗಿದಾಗ ಉಳಿದ ವಿಮಾನದ ಬಟ್ಟೆಯನ್ನು ಮಾರಿದ್ದರು, ಊರಿನವರು ಅದರಲ್ಲಿ ಅಂಗಿ ಹೊಲಿಸಿಕೊಂಡಿದ್ದರು. ಆ ಅಂಗಿಗಳನ್ನು ಬಿಚ್ಚಿ ರೆಕ್ಕೆಗೆ ಹೊದಿಸಿದರು. ವಿಮಾನಕ್ಕೆಂದೇ ನೆಯ್ದ ಬಟ್ಟೆ ಹತ್ತು ವರ್ಷ ಜನರ ಮೈಮೇಲಿದ್ದು ಮತ್ತೆ ರೆಕ್ಕೆಗೆ ಬಂತು. ಮೇಸ್ತ್ರಿ ಹೇಳಿದ ತೇಪೆ ಗಟ್ಟಿಯಿದ್ದದ್ದು ಇದಕ್ಕೇ!

ಈ ಕೆಲಸದಲ್ಲಿ ಏಮಿ ದೂರ ನಿಂತು ನೋಡಿದವಳಲ್ಲ. ಎಂಜಿನ್ ಬಿಚ್ಚಿ ನೋಡಿದ್ದು ಆಕೆಯೇ. ಆ ಹುಡುಗರ ಜೊತೆ ಆಕೆ ಕೆಲಸ ಮಾಡಿದ ಆ ಮೂರು ದಿನ, ಇಡೀ ಯಾತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರದ ದಿನಗಳು. ಎರಡೂ ಕಡೆಯವರಿಗೆ ಗೊತ್ತಿದ್ದ ಭಾಷೆ ಒಂದೇ, ನಟ್ಟು ಬೋಲ್ಟಿನದು. ಮೇ 16ರಂದು ಜೇಸನ್ ಮತ್ತೆ ಮೇಲೇರಿತು.

ಮುಂದಿನದು ಎಲ್ಲ ಪುಸ್ತಕಗಳಲ್ಲೂ ಇದೆ. ಬ್ಯಾಂಕಾಕ್, ಸಿಂಗಪುರ, ಜಾವಾದ ಕಬ್ಬಿನ ತೋಟದಲ್ಲಿ ಇಳಿದಾಗ ಬಿದಿರಿನ ಗೂಟಗಳು ರೆಕ್ಕೆಯನ್ನು ತೂತು ಮಾಡಿದವು, ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಅಂಟಿಸಿಕೊಂಡು ಹೋದಳು. ತಿಮೋರ್ ಸಮುದ್ರದ ಮೇಲೆ ಸುಮಾರು 500 ಮೈಲಿ. ಮೇ 24ರಂದು ಡಾರ್ವಿನ್. ಹತ್ತೊಂಬತ್ತೂವರೆ ದಿನ. ಹಿಂಕ್ಲರನ ದಾಖಲೆ ಹಾಗೇ ಉಳಿಯಿತು, ಆದರೆ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಒಂಟಿಯಾಗಿ ಹಾರಿದ ಮೊದಲ ಹೆಂಗಸು ಆಕೆಯಾದಳು. ಡೈಲಿ ಮೇಲ್ ಪತ್ರಿಕೆಯ 10,000 ಪೌಂಡ್, ರಾಜನಿಂದ ಬಿರುದು, ಆಕೆಯ ಮೇಲೊಂದು ಹಾಡು, ಊರೂರಿನಲ್ಲಿ ಮೆರವಣಿಗೆ. ನೂಕುನುಗ್ಗಲು, ಭಾಷಣ, ಕೈಕುಲುಕಾಟ ಆಕೆಯನ್ನು ಹಣ್ಣು ಮಾಡಿದವು. ಬ್ರಿಸ್ಬೇನಿನಲ್ಲಿ ಇಳಿಯುವಾಗ ಜೇಸನ್ ಪಲ್ಟಿ ಹೊಡೆಯಿತು. ಅಷ್ಟು ದೂರ ಸರಿಯಾಗಿ ಬಂದ ಕೈ ಜನಜಂಗುಳಿಯ ಊರಿನಲ್ಲಿ ತಪ್ಪಿದ್ದು ನನಗೆ ಆಶ್ಚರ್ಯವಲ್ಲ. ನಿದ್ದೆಗೆಟ್ಟವನ ಕೈಗೆ ವಿಮಾನ ಕೊಡಬಾರದು ಎಂಬುದು ನಮ್ಮಲ್ಲಿ ಮೊದಲ ಪಾಠ.

ಮರುವರ್ಷ, 1931ರಲ್ಲಿ, ಆಕೆ ಪಸ್ ಮಾತ್ ವಿಮಾನದಲ್ಲಿ ಮಾಸ್ಕೋ, ಸೈಬೀರಿಯಾ ದಾಟಿ ಟೋಕಿಯೋಗೆ ಹಾರಿದಳು. ಆಗ ಜೊತೆಗೆ ಯಾರನ್ನು ಬೇಕಾದರೂ ಕರೆದುಕೊಂಡು ಹೋಗಬಹುದಿತ್ತು. ಹೆಸರಾಂತ ಪೈಲಟ್‌ಗಳು ಬರುತ್ತಿದ್ದರು. ಆಕೆ ಕರೆದದ್ದು ಜಾಕ್ ಹಂಫ್ರೀಸನನ್ನು, ಸ್ಟ್ಯಾಗ್ ಲೇನ್‌ನಲ್ಲಿ ಸ್ಪ್ಯಾನರ್ ಕೊಟ್ಟವನನ್ನು. ಇದನ್ನು ಓದಿದ ದಿನ ಮನೆಯಲ್ಲಿ ಎಲ್ಲರಿಗೂ ಹೇಳಿದೆ. 1935ರಲ್ಲಿ ಮಹಿಳಾ ಇಂಜಿನಿಯರಿಂಗ್ ಸೊಸೈಟಿಯ ಅಧ್ಯಕ್ಷೆಯಾದಳು.

ಆ ಎರಡರ ನಡುವೆ ಒಂದು ಪಂದ್ಯ. 1934ರ ಅಕ್ಟೋಬರ್, ಇಂಗ್ಲೆಂಡಿನಿಂದ ಮೆಲ್ಬೋರ್ನ್‌ಗೆ. ಅಷ್ಟರಲ್ಲಿ ಆಕೆ ಪೈಲಟ್ ಜಿಮ್ ಮಾಲಿಸನ್‌ನನ್ನು ಮದುವೆಯಾಗಿದ್ದಳು. ಡಿ ಹ್ಯಾವಿಲ್ಯಾಂಡ್ ಕಂಪನಿ ಪಂದ್ಯಕ್ಕೆಂದೇ ಮಾಡಿದ ಅವಳಿ ಎಂಜಿನ್ನಿನ ಕಾಮೆಟ್‌ನಲ್ಲಿ ಗಂಡ ಹೆಂಡತಿ ಹೊರಟು ಕರಾಚಿಯವರೆಗೆ ಎಲ್ಲರಿಗಿಂತ ಮುಂದಿದ್ದರು. ಅಲ್ಲಿಂದ ದಾರಿ ತಪ್ಪಿ ಜಬಲ್ಪುರದಲ್ಲಿ ಇಳಿದರು. ವಿಮಾನದ ಪೆಟ್ರೋಲ್ ಇರಲಿಲ್ಲ; ಬಸ್ಸಿಗೆ ಹಾಕುವ ಪೆಟ್ರೋಲ್ ತುಂಬಿಕೊಂಡರು. ಪಂದ್ಯದ ಆ ಎಂಜಿನ್ನುಗಳಲ್ಲಿ ಕಂಪ್ರೆಷನ್ ಜಾಸ್ತಿ. ಕೀಳು ದರ್ಜೆಯ ಪೆಟ್ರೋಲ್ ಅಂಥ ಒತ್ತಡ ತಾಳದೆ ಪ್ಲಗ್ಗಿನ ಕಿಡಿ ಹರಡುವುದಕ್ಕೂ ಮೊದಲೇ ಅಲ್ಲಲ್ಲಿ ತಾನಾಗಿ ಸಿಡಿಯುತ್ತದೆ. ಪಿಸ್ಟನ್ನಿನ ನೆತ್ತಿ ಕಾದು ಸುಟ್ಟುಹೋಗುತ್ತದೆ. ಆದದ್ದೂ ಅದೇ. ಅಲಹಾಬಾದಿನ ಬಮ್ರೌಲಿ ಮೈದಾನ ಸೇರುವಷ್ಟರಲ್ಲಿ ಎಂಜಿನ್ ಕೆಟ್ಟು ಪಂದ್ಯ ಮುಗಿದಿತ್ತು. ಗೆದ್ದದ್ದು ಅದೇ ಮಾದರಿಯ ಇನ್ನೊಂದು ಕಾಮೆಟ್. ಎಂಜಿನ್ ಲೈಸೆನ್ಸ್ ಇದ್ದವಳಿಗೆ ಆ ಪೆಟ್ರೋಲ್ ತುಂಬುವಾಗಲೇ ಮುಂದಾಗುವುದು ಗೊತ್ತಿರಲೇಬೇಕು. ಜಬಲ್ಪುರದಿಂದ ಅಲಹಾಬಾದಿನವರೆಗೆ ಆ ಎಂಜಿನ್ನಿನ ಶಬ್ದ ಕೇಳುತ್ತಾ ಕೂತ ಆಕೆಯನ್ನು ನೆನೆದರೆ ಈಗಲೂ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಯುದ್ಧ ಬಂದಾಗ ಆಕೆ ಏರ್ ಟ್ರಾನ್ಸ್‌ಪೋರ್ಟ್ ಆಕ್ಸಿಲಿಯರಿ ಸೇರಿದಳು. ವಿಮಾನಗಳನ್ನು ಒಂದು ನೆಲೆಯಿಂದ ಇನ್ನೊಂದಕ್ಕೆ ತಲುಪಿಸುವ ಕೆಲಸ. 1941ರ ಜನವರಿ 5ರಂದು ಬ್ಲ್ಯಾಕ್‌ಪೂಲ್‌ನಿಂದ ಆಕ್ಸ್‌ಫರ್ಡ್ ಹತ್ತಿರದ ಕಿಡ್ಲಿಂಗ್‌ಟನ್‌ಗೆ ಒಂದು ಏರ್‌ಸ್ಪೀಡ್ ಆಕ್ಸ್‌ಫರ್ಡ್ ವಿಮಾನ ಒಯ್ಯುತ್ತಿದ್ದಳು. ಕೆಟ್ಟ ಹವೆ. ದಾರಿಯಿಂದ ಬಹುದೂರ, ಥೇಮ್ಸ್ ಸಮುದ್ರ ಸೇರುವ ಕಡೆ ಪ್ಯಾರಾಚೂಟ್‌ನಿಂದ ನೀರಿಗಿಳಿದಳು. ಹೇಸಲ್‌ಮಿಯರ್ ಹಡಗಿನ ಕಮಾಂಡರ್ ವಾಲ್ಟರ್ ಫ್ಲೆಚರ್ ಕೊರೆಯುವ ನೀರಿಗೆ ಧುಮುಕಿ ಉಳಿಸಲು ಹೋಗಿ ತಾನೂ ಸತ್ತ. ಆಕೆಯ ದೇಹ ಸಿಗಲಿಲ್ಲ. ವಯಸ್ಸು ಮೂವತ್ತೇಳು.

ಏಮಿ ಹೆಸರೆತ್ತಿದರೆ ಜನ ಮಾತಾಡುವುದು ಈ ಸಾವನ್ನೇ. ವಿಮಾನದಲ್ಲಿ ಇನ್ನೊಬ್ಬರಿದ್ದರಂತೆ, ಗುಟ್ಟಿನ ಕೆಲಸವಂತೆ, ತಮ್ಮವರೇ ಹೊಡೆದುರುಳಿಸಿದರಂತೆ. ನನ್ನ ಟಿಪ್ಪಣಿಯಲ್ಲಿ ಆ ವಾದಗಳಿಗೆ ಹೆಚ್ಚು ಜಾಗವಿಲ್ಲ. ಇನ್ಸೇನ್‌ನ ರಿಪೇರಿಗೆ ಪುಟಗಟ್ಟಲೆ ಇದೆ, ಇನ್ನೂ ಬೆಳೆಯುತ್ತಿದೆ. ಆಗ ಬರ್ಮಾ ಬ್ರಿಟಿಷ್ ಭಾರತದ್ದೇ ಒಂದು ಪ್ರಾಂತ, ರಂಗೂನಿನಲ್ಲಿ ಬರ್ಮೀಯರಿಗಿಂತ ಭಾರತೀಯರೇ ಹೆಚ್ಚಿದ್ದರು. ಆ ತಾಂತ್ರಿಕ ಶಾಲೆಯ 1930ರ ಹುಡುಗರಲ್ಲಿ ಯಾರು ರಿಬ್ ಕೆತ್ತಿದರು, ಯಾರು ಅಂಗಿ ಬಿಚ್ಚಿ ಹೊಲಿದರು ಎಂಬುದರ ಬೆನ್ನು ಹತ್ತಿದ್ದೇನೆ. ಹಾಜರಿ ಪುಸ್ತಕವೋ, ಗುಂಪಿನ ಫೋಟೋವೋ, ಯಾರದೋ ಮನೆಯ ಅಜ್ಜನ ಮಾತೋ, ಎಲ್ಲಿಂದ ಬಂದರೂ ಸರಿ. ಹೆಸರು ಸಿಕ್ಕಂತೆ ಬರೆದಿಡುತ್ತಿದ್ದೇನೆ.